ಕಂಪ್ಯೂಟರ್ ನನಗೆ ಕಳ್ಳಿ ಅಂದದ್ದು

ಆದದ್ದು ಇಷ್ಟೇ: ಕಂಪ್ಯೂಟರ್ ನನಗೆ ಕಳ್ಳಿ ಅಂತು, ಅದು ಅಂದದ್ದು ಖರೆ. ಉಳಿದದ್ದೆಲ್ಲ ಓಣಿಯವರು ಉಪ್ಪು ಖಾರ ಹಚ್ಚಿದ್ದು. ನಮ್ಮ ಜುಗೂಳದಲ್ಲಿ ಒಂದು ಮಾತು ಹೊಳೆದಂಡೆ ಮುಟ್ಟಿ ತಿರುಗಿ ಬರುವಷ್ಟರಲ್ಲಿ ನಾನು ಕಂಪ್ಯೂಟರಿಗೆ ಚಪ್ಪಲಿ ಎಸೆದೆ ಅಂತಲೂ ಆಗಿದೆ. ಎಸೆದಿಲ್ಲ. ಕೈಯಲ್ಲಿ ತಗೊಂಡಿದ್ದೆ, ಅಷ್ಟೇ.

ವಯಸ್ಸಾದವರು ಸುಳ್ಳು ಹೇಳುವುದಿಲ್ಲ ಅಂತ ಜನ ಯಾಕೆ ನಂಬುತ್ತಾರೋ ನನಗೆ ತಿಳಿಯದು. ಸುಳ್ಳಿಗೂ ರೂಢಿ ಬೇಕು. ನನಗೆ ಎಪ್ಪತ್ತು ದಾಟಿವೆ, ರೂಢಿ ಚೆನ್ನಾಗಿಯೇ ಆಗಿದೆ. ಆದರೆ ಒಂದು ಕಟ್ಟಳೆ ಮಾತ್ರ ಮುರಿಯುವುದಿಲ್ಲ: ಭಂಡಾರದ ಮುಂದೆ ಸುಳ್ಳು ಹೇಳುವ ಹಾಗಿಲ್ಲ. ಭಂಡಾರ ಅಂದರೆ ಬೀರಪ್ಪನ ಗುಡಿಯ ಅರಿಷಿಣ ಪುಡಿ. ಕುರಿ ಕಾಯುವವರ ಮನೆಯಲ್ಲಿ ಅದನ್ನು ಮುಟ್ಟಿ ಹೇಳಿದ್ದೇ ಕಡೇ ಮಾತು. ನನ್ನ ಮೈದುನ ಒಮ್ಮೆ ಭಂಡಾರ ಹಚ್ಚಿದ ಮೋಟಾರ್ ಸೈಕಲ್ ಮೇಲೆ ಕೈ ಇಟ್ಟು "ನಾ ಕುಡದಿಲ್ಲ" ಅಂದ, ಅಂಗಳ ದಾಟುವುದರೊಳಗೆ ಗಾಡಿ ಸಮೇತ ತಿಪ್ಪೆಯಲ್ಲಿ ಬಿದ್ದ. ಕುಡಿದದ್ದಕ್ಕೇ ಬಿದ್ದ ಅನ್ನುತ್ತಾನೆ ನನ್ನ ಮಗ. ಅನ್ನಲಿ.

ಈಗ ನನ್ನ ತಪ್ಪು ಕೇಳಿ. ಕಾಗವಾಡದಲ್ಲಿ ಕಾಲೇಜು ಕಲಿಯುವ ಮೊಮ್ಮಗಳು ಸಾನಿಕಾಗೆ ಮಿರಜಿನಿಂದ ಒಂದು ಹಳೇ ಲ್ಯಾಪ್‌ಟಾಪ್ ತಂದುಕೊಟ್ಟರು. ಟ್ರ್ಯಾಕ್ಟರ್ ಬಂದಾಗ ಮಾಡಿದಂತೆ ಇದಕ್ಕೂ ಕಾಯಿ ಒಡೆದು, ಮುಚ್ಚಳದ ಮೇಲೆ ಮೂರು ಬೆರಳು ಭಂಡಾರ ಬಳಿದವಳು ನಾನೇ. ಒರೆಸಿದರೂ ಹೋಗದ ಹಾಗೆ ಬಳಿದಿದ್ದೆ.

ಮನೆಯಲ್ಲಿ ಆಗ ನನ್ನ ಸಕ್ಕರೆ ಕಾಯಿಲೆಯದೇ ಮಾತು. ಗುಳಿಗೆ ಬದಲಿಸಿದರು, ಅನ್ನ ಬಿಡಿಸಿದರು, ಏನು ಮಾಡಿದರೂ ಸಕ್ಕರೆ ಇಳಿಯಲೊಲ್ಲದು. ಸೊಸೆ ಸುವರ್ಣಾ ಇಡೀ ಮನೆಗೇ ಸಪ್ಪನ ಚಹಾ ಮಾಡತೊಡಗಿದಳು. ನನ್ನೊಬ್ಬಳಿಗೇ ಸಪ್ಪಂದು ಕೊಟ್ಟರೆ ಮನಸ್ಸಿಗೆ ಹತ್ತುತ್ತದೆ ಅಂತ. ಬೆಲ್ಲದ ಪೆಂಟೆಯನ್ನು, ಒಡೆಯದ ಇಡೀ ಉಂಡೆಯನ್ನು, ಡಬ್ಬಿಗೆ ಹಾಕಿ ಮೇಲಿನ ಹಲಗೆ ಮೇಲೆ ಇಟ್ಟಳು. ಆದರೂ ಮಿರಜಿನ ಡಾಕ್ಟರು ರಕ್ತ ತಪಾಸಣೆಯ ಕಾಗದ ನೋಡಿ, ನನಗೆ ಒಂದು ಮಾತೂ ಅನ್ನದೆ, ಅವಳಿಗೆ ಬೈದರು: "ಏನ್ ತಿನ್ನಸ್ತೀರಿ ಅಕ್ಕಾರ ಇವರಿಗೆ? ಬರೋ ಸಲ ಹಿಂಗ ಇದ್ರ ಇಂಜೆಕ್ಷನ್ ಚಾಲೂ ಮಾಡೋದ ನೋಡ್ರಿ." ಮನೆಗೆ ಬಂದ ಮೇಲೆ ನನ್ನ ಮಗನೂ ಅದನ್ನೇ ಇನ್ನಷ್ಟು ದನಿ ಎತ್ತಿ ಅಂದ. ಎರಡೂ ಸಲ ನಾನು ಬಾಜೂಕೇ ಕುಂತಿದ್ದೆ. ಸೆರಗಿನ ಅಂಚು ನೋಡುತ್ತಿದ್ದೆ.

ಆ ರವಿವಾರ ಮಧ್ಯಾಹ್ನ ಸಾನಿಕಾ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟಳು. ಹಳೇ ಆಟವಂತೆ, ಐದಾರು ಭಾಗ ಬಂದಿವೆಯಂತೆ. ಗವಿಗಳಲ್ಲಿ ಹೋಗಬೇಕು, ರಾಕ್ಷಸರನ್ನು ಬಡಿಯಬೇಕು.

"ಆಯಿ, ಮೊದಲ ನೀ ಯಾರು ಅಂತ ಆರಿಸ್ಕೋಬೇಕು," ಅಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಅಂತಾರೆ. "ಅದಕ್ಕ ಕ್ಲಾಸ್ ಅಂತಾರ. ಒಮ್ಮೆ ಆರಿಸಿದ್ರ ಕಡೀತನಕಾ ಅದ."

"ಅಂದ್ರ ಲಗ್ನ ಇದ್ದಂಗ. ಯಾರ್ಯಾರ ಅದಾರ, ತೋರಸ್."

ನಾನು ಟಗರು ಆರಿಸುವಾಗ ಹಲ್ಲು ನೋಡುತ್ತೇನೆ, ಕಾಲು ನೋಡುತ್ತೇನೆ, ನಾಕು ಹೆಜ್ಜೆ ನಡೆಸುತ್ತೇನೆ. ಇವರನ್ನೂ ಹಾಗೇ ನೋಡಿದೆ. ಮೊದಲು ಬಂದವನು ಯೋಧ. ಮೈತುಂಬ ಕಬ್ಬಿಣ ಹೊದ್ದಿದ್ದ. ನಮ್ಮ ಬಿಸಿಲಿನಲ್ಲಿ ಒಂದು ಬದು ದಾಟುವುದರೊಳಗೆ ಬೆಂದುಹೋಗುತ್ತಾನೆ, ಬೇಡ. ಎರಡನೆಯವನು ಮಾಟಗಾರ. ಎರಡು ಸಲ ಬೆಂಕಿ ಉಗುಳಿದರೆ ಮಲಗಿ ಸುಧಾರಿಸಿಕೊಳ್ಳಬೇಕಂತೆ. ಅಂಥವನೊಬ್ಬ ಮೈದುನ ಮನೆಯಲ್ಲಿದ್ದಾನೆ, ಸಾಕು. ಮೂರನೆಯವಳು ಮದ್ದು ಕೊಡುವವಳು.

"ಇಕಿ ಬೇಷ್ ಅದಾಳ ಆಯಿ. ಎಲ್ಲಾರೂ ಬಡದಾಡತಾರ, ಇಕಿ ಹಿಂದ ನಿಂತು ಗಾಯಕ್ಕ ಔಷಧ ಹಚ್ಚತಾಳ."

"ಐವತ್ತು ವರ್ಷ ಅದನ್ನ ಮಾಡೀನಿ. ಆಟದಾಗೂ ಅದನ್ನ ಮಾಡಂತೀ ಏನಲೇ?"

ಕಡೆಗೆ ಒಬ್ಬಳು ಬಂದಳು: ಮೆತ್ತನ ಚಪ್ಪಲಿ, ಸೊಂಟಕ್ಕೆ ಸಣ್ಣ ಚೀಲ. "ಇಕಿ ಕಳ್ಳಿ," ಅಂದಳು ಸಾನಿಕಾ. "ಕೀಲಿ ತಗೀತಾಳ, ಸಪ್ಪಳಿಲ್ಲದ ಅಡ್ಡಾಡತಾಳ."

"ಥೂ! ಮುಂದಿಂದು ತೋರಸ್. ಮನೆತನಸ್ಥರು ನಾವು."

ಮುಂದೆ ಯಾರೂ ಇರಲಿಲ್ಲ. ಸಾನಿಕಾಗೆ ಬೇಸರ ಬಂತು. "ಹಂಗಾರ ಇನ್ನೊಂದು ದಾರಿ ಐತಿ. ಅದ ನಿನಗ ಪ್ರಶ್ನಿ ಕೇಳತೈತಿ, ನೀ ಉತ್ತರಾ ಹೇಳು. ನಿನ್ನ ಗುಣಾ ನೋಡಿ ಅದ ಆರಸತೈತಿ. ಆದ್ರ ಖರೇ ಹೇಳಬೇಕ್ ನೋಡ್."

ಅವಳು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ನನ್ನ ಕಡೆ ಬಂದದ್ದು ಮುಚ್ಚಳದ ಬೆನ್ನು, ಅದರ ಮೇಲೆ ಭಂಡಾರದ ಮೂರು ಹಳದಿ ಬೆರಳು. ಸುವರ್ಣಾ ಅಲ್ಲೇ ಕಂಬಕ್ಕೆ ಆನಿಕೊಂಡು ಮೊರದಲ್ಲಿ ಜೋಳ ಹಸನ ಮಾಡುತ್ತಿದ್ದಳು.

ಮೊದಲನೇ ಪ್ರಶ್ನೆ: ದಾರಿಯಲ್ಲಿ ವೈರಿ ಗಾಯವಾಗಿ ಬಿದ್ದಿದ್ದಾನೆ, ಏನು ಮಾಡುತ್ತೀ? "ನೀರ್ ಕುಡಸ್ತೀನಿ, ಯಾರ ಮಗಾ ಅಂತ ಕೇಳ್ತೀನಿ, ಆಮ್ಯಾಲ ಬಡೀತೀನಿ." ಸುವರ್ಣಾ ನಕ್ಕಳು. ಎರಡನೆಯದು: ಬಾಗಿಲಿಗೆ ಕೀಲಿ ಹಾಕಿದೆ, ಒಳಗೆ ಹೇಗೆ ಹೋಗುತ್ತೀ? "ಚೌಕಟ್ಟಿನ ಮ್ಯಾಲ ಕೈ ಆಡಸ್ತೀನಿ. ಎಲ್ಲಾರೂ ಕೀಲಿ ಕೈ ಅಲ್ಲೇ ಇಡತಾರ." ಸುವರ್ಣಾ ಮತ್ತೆ ನಕ್ಕಳು. ನನಗೂ ಹುರುಪು ಬಂತು.

ಮೂರನೆಯದು: ರಾಜನ ಅಡುಗೆಮನೆಯಲ್ಲಿ ಸಿಹಿ ಇಟ್ಟಿದ್ದಾರೆ. ಮುಟ್ಟಬೇಡ ಅಂತ ನಿನಗೆ ಹೇಳಿದ್ದಾರೆ. ಅಲ್ಲಿ ಯಾರೂ ಇಲ್ಲ. ಏನು ಮಾಡುತ್ತೀ?

ಮೂರು ಹಳದಿ ಬೆರಳು ನನ್ನನ್ನೇ ನೋಡುತ್ತಿದ್ದವು.

"ಹೇಳ್ ಆಯಿ."

"ಇದಕ್ಕ ಉತ್ತರಾ ಕೊಡಾಕ ಬೇಕೇನ?"

"ಕೊಡಲಿಲ್ಲಂದ್ರ ಆಟ ಮುಂದ ಹೋಗೂದಿಲ್ಲ."

ಹೇಳಿಬಿಟ್ಟೆ. "ತಿಂತೀನಿ. ಆದ್ರ ಮ್ಯಾಲಿಂದ ಮುರಿಬಾರದು, ಗುರತ್ ಸಿಗತೈತಿ. ಎತ್ತಿ ತೆಳಗಿಂದ ಚಮಚಾದಲೇ ಕೆರೀಬೇಕು, ಮತ್ತ ಹೆಂಗಿತ್ತೋ ಹಂಗ ಇಡಬೇಕು. ಎಮ್ಮಿ ಹಿಂಡಾಕ ಹೋದಾಗ ಮಾಡಿದ್ರ ಛಲೋ, ಅರ್ಧಾ ತಾಸು ಯಾರೂ ಒಳಗ ಬರೂದಿಲ್ಲ."

ರಾಜನ ಮನೆಯಲ್ಲಿ ಎಮ್ಮೆ ಯಾರು ಹಿಂಡುತ್ತಾರೆ ಅಂತ ಸಾನಿಕಾ ಕೇಳಲಿಲ್ಲ. ಏನೋ ಒತ್ತಿದಳು, ಪರದೆ ನೋಡಿದಳು, ನನ್ನನ್ನು ನೋಡಿದಳು. "ಆಯಿ, ಕಳ್ಳಿ ಅಂತು," ಅಂದಳು ಸಣ್ಣ ದನಿಯಲ್ಲಿ. ಆಗಲೇ ನಾನು ಚಪ್ಪಲಿ ತಗೊಂಡದ್ದು.

ಮೊರದ ಸಪ್ಪಳ ನಿಂತಿತ್ತು. ಸುವರ್ಣಾ ಎದ್ದು ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು. ಪೆಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮುಂದೆ ಮಗುಚಿ ಇಟ್ಟಳು. ನಾನು ಅದನ್ನು ಅಷ್ಟು ಬೆಳಕಿನಲ್ಲಿ ನೋಡಿರಲೇ ಇಲ್ಲ. ಮೇಲೆ ಗುಡ್ಡದ ಹಾಗೆ ಇದ್ದದ್ದು ಒಳಗೆ ಪೂರಾ ಪೊಳ್ಳು, ಬೋಗುಣಿ ಇದ್ದ ಹಾಗೆ. ಕೆಲಸ ಮಾತ್ರ ನಾಜೂಕಾಗಿತ್ತು. ಗೋಡೆ ಎಲ್ಲ ಕಡೆ ಒಂದೇ ದಪ್ಪ.

ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ನಾನೂ ನಾಕು ಮಾತು ಆಡಿ ಸರಿಮಾಡುತ್ತಿದ್ದೆ. ಅವಳು ಬೈಯಲಿಲ್ಲ. "ಅತ್ತಿ," ಅಂದಳು, "ಡಾಕ್ಟರ್ ನನಗ ಬೈದ್ರು. ನೀವು ಬಾಜೂಕ ಕುಂತಿದ್ರಿ."

"ಹೂಂ. ಕುಂತಿದ್ದೆ."

"ನಿಮ್ಮ ಮಗಾನೂ ಬೈದ್ರು. ಆವಾಗೂ ಕುಂತಿದ್ರಿ."

"ಆವಾಗೂ ಕುಂತಿದ್ದೆ."

ಅವಳು ಮತ್ತೆ ಮೊರ ಹಿಡಿದಳು. ಇಪ್ಪತ್ತು ವರ್ಷದಲ್ಲಿ ನಾನು ಅವಳಿಗೆ ಸೊಪ್ಪು ಸೋಸಲು ಬರುವುದಿಲ್ಲ ಅಂದಿದ್ದೇನೆ, ರೊಟ್ಟಿ ದಪ್ಪ ಅಂದಿದ್ದೇನೆ. ಅವಳೂ ತಿರುಗಿ ಅಂದಿದ್ದಾಳೆ. ಅದೆಲ್ಲ ಮನೆ ನಡೆಯುವ ರೀತಿ. ಆದರೆ ನಾನು ತಿಂದ ಸಿಹಿಗೆ ಅವಳು ಸಪ್ಪನ ಚಹಾ ಕುಡಿದದ್ದು ಯಾವ ಲೆಕ್ಕಕ್ಕೂ ಕೂಡಲಿಲ್ಲ. ಪಾಪ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಅವತ್ತೂ ಬರಲಿಲ್ಲ. ಸಾನಿಕಾ ನಮ್ಮಿಬ್ಬರನ್ನೂ ನೋಡಿ ಮೆಲ್ಲಗೆ, "ಆಯಿ, ಬ್ಯಾರೇ ಕ್ಲಾಸ್ ಹಾಕಲ್ಯಾ? ಹೊಸದಾಗಿ ಚಾಲೂ ಮಾಡಿದ್ರ ನಡೀತೈತಿ," ಅಂದಳು.

"ಬ್ಯಾಡ. ಅದ ಇರಲಿ. ಕೀಲಿ ತಗ್ಯಾಕರ ಬರತೈತಿ."

ಮರುದಿನ ಮುಂಜಾನೆ ಮಗ ಚಹಾಕ್ಕೆ ಕೂತಿದ್ದ. ನಾನು ಪೆಂಟೆ ತಂದು ಅವನ ಬಟ್ಟಲಿನ ಪಕ್ಕ ಮಗುಚಿ ಇಟ್ಟೆ. ಅವನು ಒಳಗೆ ಇಣುಕಿ, "ಇಲಿ ತಿಂದಾವೇನ ಯವ್ವಾ?" ಅಂದ. ಎಂಥ ಛಲೋ ಇಲಿ! ಹೂಂ ಅಂದುಬಿಡಲು ಒಂದು ಗಳಿಗೆ ಆಸೆ ಆಯಿತು. ಅಷ್ಟರಲ್ಲಿ ಸಾನಿಕಾ ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದು ಕಾಲೇಜಿಗೆ ಹೊರಟಳು, ಮೂರು ಹಳದಿ ಬೆರಳು ನನ್ನ ಮುಂದಿನಿಂದಲೇ ಹಾಯ್ದುಹೋದವು.

"ಇಲಿ ಅಲ್ಲೋ, ನಿಮ್ಮವ್ವ ತಿಂದಾಳ. ಅಕಿಗೆ ಬೈದದ್ದ ವಾಪಸ್ ತಗೋ. ಬರೋ ಸಲ ಡಾಕ್ಟರ್‌ಗೂ ನಾನ ಹೇಳ್ತೀನಿ."

ಮಗ ಏನೋ ಅನ್ನಲು ಬಾಯಿ ತೆರೆದ, ಸುವರ್ಣಾ ಅವನ ಬಟ್ಟಲಿಗೆ ಇನ್ನಷ್ಟು ಸಪ್ಪನ ಚಹಾ ಸುರಿದಳು. ನಾನು ಉಳಿದ ಬೆಲ್ಲವನ್ನು ಎತ್ತಿಕೊಂಡು ಹೋಗಿ ಎಮ್ಮೆಯ ಮುಂದೆ ಒಡೆದು ಹಾಕಿದೆ. ಅದು ನನ್ನಷ್ಟು ನಾಜೂಕಿನದಲ್ಲ, ಎರಡೇ ಸಲಕ್ಕೆ ಮುಗಿಸಿತು. ಅಂಗೈಗೆ ಒಂದಿಷ್ಟು ಬೆಲ್ಲದ ಪುಡಿ ಹತ್ತಿತ್ತು. ಹಂಡೆಯ ನೀರಿನಲ್ಲಿ ಕೈ ತೊಳೆದುಕೊಂಡೆ. ಸುವರ್ಣಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.