ಬೀಗರ ಊಟದಲ್ಲಿ ಹೆಬ್ಬೆರಳು

ಮನುಷ್ಯ ಹುಲಿಗೆ ಹೆದರಿದರೆ ಯಾರೂ ನಗುವುದಿಲ್ಲ, ಹೆಂಡತಿಗೆ ಹೆದರಿದರೆ ಮನೆಯಲ್ಲಿ ಶಾಂತಿಯಾದರೂ ಇರುತ್ತದೆ. ನಾನು ಹೆದರುವುದು ನನ್ನ ಬಲಗಾಲಿನ ಹೆಬ್ಬೆರಳಿಗೆ. ಅದರಿಂದ ಆ ಎರಡು ಲಾಭವೂ ಇಲ್ಲ.

ಗೊಟ್ಟಿಗೆರೆಯಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ. ಆ ನೆಲದಲ್ಲಿ ಅಪ್ಪ ದಿನವಿಡೀ ನೇಗಿಲ ಹಿಂದೆ ನಡೆದರು, ನಾನು ಲಿಫ್ಟಿನಲ್ಲಿ ಹತ್ತಿಳಿಯುತ್ತೇನೆ. ಭಾನುವಾರದ ಮಟನ್ ಊಟವನ್ನು ಮಾತ್ರ ಹೊಲ ಉತ್ತು ಬಂದವನ ಹಾಗೇ ಉಣ್ಣುತ್ತಿದ್ದೆ. ಮಗಳ ಮದುವೆಗೆ ಸ್ವಲ್ಪ ದಿನ ಇದ್ದಾಗ, ಒಂದು ಬೆಳಗಿನ ಜಾವ, ಆ ಹೆಬ್ಬೆರಳು ಗುಂಡು ಬದನೆಕಾಯಿಯಂತೆ ಊದಿಕೊಂಡಿತು. ಹೊದಿಕೆಯ ಅಂಚು ತಾಗಿದರೂ ಪ್ರಾಣ ಹೋಗುವಷ್ಟು ನೋವು. ಹೆಂಡತಿ ಸರೋಜ, "ಏನೋ ಕಚ್ಚಿರ್ಬೇಕು ಕಣ್ರೀ" ಎಂದು ಸುಣ್ಣ ಹಚ್ಚಲು ಬಂದಳು. ನಾನು ಕೂಗಿಕೊಂಡದ್ದಕ್ಕೆ ಮಹಡಿಯ ಬಾಡಿಗೆಯವರು ಇಳಿದು ಬಂದರು.

ಜಯನಗರದ ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ, "ಯೂರಿಕ್ ಆಸಿಡ್ ಜಾಸ್ತಿ ಇದೆ ಸಾರ್. ಇದು ಗೌಟ್, ಒಂಥರಾ ಕೀಲುವಾತ" ಎಂದರು. ಆಮೇಲೆ ನನ್ನ ಹೊಟ್ಟೆಗೆ ಟೇಪು ಹಿಡಿದರು, ಬಿಪಿ ನೋಡಿದರು, ಶುಗರ್ ನೋಡಿದರು. ಪ್ರತಿಯೊಂದಕ್ಕೂ "ಹ್ಞೂಂ" ಎಂದರು. ಆ ಹ್ಞೂಂಗಳೇ ನನ್ನನ್ನು ಅರ್ಧ ಕೊಂದವು.

"ಇವೆಲ್ಲ ಒಂದೇ ಮನೆಯವ್ರು ಸಾರ್. ಒಬ್ರು ಬಂದ್ರೆ ಮಿಕ್ಕವ್ರು ಗಂಟುಮೂಟೆ ಕಟ್ಕೊಂಡು ಹಿಂದೇನೇ ಬರ್ತಾರೆ. ಲಿವರ್, ಬೋಟಿ, ಬಿಯರ್, ಸಿಹಿ ಜ್ಯೂಸು ಎಲ್ಲಾ ಬಿಡಿ. ನಿಧಾನವಾಗಿ ತೂಕ ಇಳಿಸಿ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ, ಕಿಡ್ನಿವರೆಗೂ ಹೋಗುತ್ತೆ."

ಕಿಡ್ನಿ ಎಂದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಅಂದಿನಿಂದ ಎದ್ದ ಕೂಡಲೇ ಕೈ ಮುಗಿಯುವ ಮೊದಲು ಕಾಲು ನೋಡಿಕೊಳ್ಳುವುದು ಅಭ್ಯಾಸವಾಯಿತು. ಬೆರಳು ಸ್ವಲ್ಪ ಚುರುಕ್ ಎಂದರೂ ಎದೆ ಧಸಕ್ ಎನ್ನುತ್ತಿತ್ತು.

ಮದುವೆ ಮುಗಿದು ವಿಲ್ಸನ್ ಗಾರ್ಡನ್ನಿನಲ್ಲಿ ಬೀಗರ ಊಟ ಬಂತು. ಅಳಿಯನ ತಂದೆ, ನಮ್ಮ ಬೀಗರು, ಖುದ್ದಾಗಿ ಬಕೆಟ್ ಹಿಡಿದು ಲಿವರ್ ಫ್ರೈ ಬಡಿಸುತ್ತಾ ನನ್ನತ್ತಲೇ ಬರುತ್ತಿದ್ದರು. ಬೇಡವೆಂದರೆ ಮಗಳು ಅತ್ತೆಮನೆಯಲ್ಲಿ ಮಾತು ಕೇಳಬೇಕು, ತಿಂದರೆ ನಾನು ನೋವು ತಿನ್ನಬೇಕು.

"ಏನ್ ಬೀಗ್ರೇ, ಎಲೆ ಖಾಲಿ ಇದೆ! ಹಾಕುಸ್ಕೊಳ್ಳಿ."

"ಬೇಡ ಬೀಗ್ರೇ, ಹರಕೆ ಇದೆ."

"ಯಾವ ದೇವ್ರಿಗೆ?"

ಗಾಬರಿಯಲ್ಲಿ ಒಂದು ದೇವರ ಹೆಸರೂ ನಾಲಿಗೆಗೆ ಬರಲಿಲ್ಲ. "ಹೆಬ್ಬೆರಳಿಗೆ" ಎಂದುಬಿಟ್ಟೆ.

ಅವರ ಸೌಟು ಗಾಳಿಯಲ್ಲೇ ನಿಂತಿತು. ಬಗ್ಗಿ ಪಿಸುಗುಟ್ಟಿದರು: "ಎಡಗಾಲೋ, ಬಲಗಾಲೋ?"

ಬಕೆಟ್ ಕೆಳಗಿಟ್ಟು ಪಕ್ಕದಲ್ಲೇ ಕುಳಿತು, ತೋಳು ಮೇಲೇರಿಸಿ ಮೊಣಕೈ ತೋರಿಸಿದರು. ನಿಂಬೆಹಣ್ಣಿನಷ್ಟು ಗಂಟು. "ನಂದೂ ಅದೇ ಗೌಟು. ನೋವು ಹೋಯ್ತಲ್ಲ ಅಂತ ಮಾತ್ರೆ ಬಿಟ್ಬಿಟ್ಟೆ. ಈಗ ಕಿಡ್ನಿಲಿ ಕಲ್ಲು. ನಿಮ್ಮ ಥರ ಆವಾಗ್ಲೇ ಹೆದರ್ಕೊಂಡಿದ್ರೆ ಚೆನ್ನಾಗಿರ್ತಿತ್ತು. ನಾನು ಕೂತು ತಿನ್ಬಾರ್ದು ಅಂತಾನೇ ನಮ್ಮನೆಯೋಳು ಬಡಿಸೋಕೆ ಬಿಟ್ಟಿದ್ದಾಳೆ."

ಸುತ್ತಲೂ ಜನ ಮೂಳೆ ಚೀಪುತ್ತಿರುವಾಗ ನಾವಿಬ್ಬರು ಬೀಗರು ತಿಳಿಸಾರನ್ನ ಉಂಡೆವು.

ಆ ವಾರವೇ ಅವರನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರಿಗೆ ಮತ್ತೆ ಮಾತ್ರೆ ಶುರುವಾಯಿತು. ನನ್ನ ಯೂರಿಕ್ ಆಸಿಡ್ ಇಳಿದಿತ್ತು, ಬಿಪಿ ಮಾತ್ರ ಇಳಿದಿರಲಿಲ್ಲ. "ಇಷ್ಟೊಂದು ಹೆದರ್ಕೋಬೇಡಿ ಸಾರ್, ಬಿಪಿಗೆ ಒಳ್ಳೇದಲ್ಲ" ಎಂದರು ಡಾಕ್ಟರಮ್ಮ. ಬೀಗರು ಹಗುರಾಗಿ ನಕ್ಕರು. ನನಗೋ, ಎಲ್ಲಿ ಹೆದರಿಬಿಡುತ್ತೇನೋ ಎಂಬ ಹೊಸ ಹೆದರಿಕೆ ಅಲ್ಲೇ, ಆ ಕುರ್ಚಿಯಲ್ಲೇ ಶುರುವಾಯಿತು.