ಎಷ್ಟು ಮಾರ್ಕ್ಸಿನ ಪ್ರಶ್ನೆ ಸಾರ್?

ಚಿತ್ರದುರ್ಗದ ಡಿಗ್ರಿ ಕಾಲೇಜೊಂದರಲ್ಲಿ ನಾನು ಕಾಮರ್ಸ್ ಮೇಷ್ಟ್ರು. ನಾಲ್ಕು ವರ್ಷದ ಹಿಂದೆ ಒಂದು ಸ್ಟಾಫ್ ಮೀಟಿಂಗಿಗೆ ಹತ್ತು ನಿಮಿಷ ತಡವಾಗಿ ಹೋದೆ. ಒಳಗೆ ಕಾಲಿಡುವಷ್ಟರಲ್ಲಿ ನನ್ನನ್ನು ಪ್ಲೇಸ್‌ಮೆಂಟ್ ಆಫೀಸರ್ ಮಾಡಿಯಾಗಿತ್ತು. ಅಂದಿನಿಂದ ನಗೋದಕ್ಕೆ ನಾನು ಬೇರೆ ಕಡೆ ಹೋಗಬೇಕಾಗಿ ಬಂದಿಲ್ಲ.

ಹುಡುಗರಿಗೆ ಕೆಲಸ ಕೊಡಿಸುವುದು ನನ್ನ ಜವಾಬ್ದಾರಿ. ಒಬ್ಬರಿಗೂ ಕೊಡಿಸಿರಲಿಲ್ಲ. ಈ ವರ್ಷ ಪ್ರಿನ್ಸಿಪಾಲರು ಕರೆದು, "ನೋಡ್ರಿ ಮೇಷ್ಟ್ರೇ, ವರ್ಷ ಮುಗಿಯೋದ್ರಾಗೆ ಒಬ್ಬನಿಗಾದ್ರೂ ಕೆಲ್ಸ ಕೊಡಿಸ್ರಿ. ಇಲ್ಲಾಂದ್ರೆ ನಿಮ್ಮ ರೂಮು ಸ್ಪೋರ್ಟ್ಸಿನವರಿಗೆ ಹೋಗ್ತೈತೆ" ಅಂದರು. ಪಿ.ಇ. ಮೇಷ್ಟ್ರು ಆಗಲೇ ಟೇಪು ತಂದು ಕೇರಂ ಬೋರ್ಡಿಗೆ ಅಳತೆ ತೆಗೆದುಕೊಂಡು ಹೋಗಿದ್ದರು.

ಆ ರೂಮಿನ ಚಿಂತೆ ನನಗಿಂತ ನಮ್ಮ ಅಟೆಂಡರಿಗೆ ಹೆಚ್ಚು. ಯಲ್ಲದಕೆರೆಯವನು, ನನ್ನ ಹಳೇ ಶಿಷ್ಯ, ಇದೇ ಕಾಲೇಜಿನ ಬಿ.ಕಾಂ. ಹತ್ತು ವರ್ಷದಿಂದ ತಾತ್ಕಾಲಿಕ ನೌಕರ. ಪ್ರತಿ ಜೂನಿನಲ್ಲೂ ಹೊಸ ಆರ್ಡರ್ ಕೈಗೆ ಬರುವ ತನಕ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನ ಮಾರ್ಕ್ಸ್ ಕಾರ್ಡಿನ ಫೈಲು ನನ್ನ ಬೀರುವಿನಲ್ಲೇ ಇರುತ್ತಿತ್ತು. "ಮನ್ಯಾಗಿಟ್ರೆ ಇಲಿ ತಿಂತಾವೆ ಸಾರ್. ಇಲ್ಲಿದ್ರೆ ಯಾವ್ದಾದ್ರೂ ಕಂಪನಿಯವ್ರು ಬಂದಾಗ ಕೈಗೆ ಸಿಗ್ತೈತೆ" ಅನ್ನುತ್ತಿದ್ದ. ಅವನ ಮುಖ ನೋಡಿ ನನಗೆ ಸಂಕಟವಾಗುತ್ತಿತ್ತು, ಯಾಕೆಂದರೆ ಕಂಪನಿಯವರು ಯಾರೂ ಬರುತ್ತಿರಲಿಲ್ಲ.

೧. ನಿನ್ನ ಬಗ್ಗೆ ಹೇಳಪ್ಪ

ಕಂಪನಿಯವರು ಬಂದರೆ ಸಿದ್ಧರಾಗಿರಲಿ ಅಂತ ಹುಡುಗರಿಗೆ ಸುಮ್ಮನೆ ಒಂದು ಇಂಟರ್‌ವ್ಯೂ ಮಾಡಿದೆ. ಮೊದಲು ಬಂದವನು ಹೊಳಲ್ಕೆರೆಯ ಹುಡುಗ, ಕ್ಲಾಸಿಗೇ ಫಸ್ಟ್.

"ನಿನ್ನ ಬಗ್ಗೆ ಹೇಳಪ್ಪ" ಅಂದೆ.

"ಎಷ್ಟು ಮಾರ್ಕ್ಸಿಂದು ಸಾರ್?"

"ಇಂಟರ್‌ವ್ಯೂನಲ್ಲಿ ಎಲ್ಲಿಯ ಮಾರ್ಕ್ಸು?"

"ಹಂಗಲ್ಲ ಸಾರ್. ಐದು ಮಾರ್ಕ್ಸಿಂದಾದ್ರೆ ಹೆಸರು, ಊರು, ಓದು ಹೇಳಿ ನಿಲ್ಲಿಸ್ತೀನಿ. ಹದಿನೈದರದಾದ್ರೆ ಪೀಠಿಕೆ ಹಾಕಿ ಅಪ್ಪ, ಅಮ್ಮ, ಎಮ್ಮೆ ಎಲ್ಲಾ ಸೇರಿಸ್ಬೇಕು."

ಹದಿನೈದರದೇ ಇರಲಿ ಅಂದೆ. ತಪ್ಪಾಯಿತು. ಅರ್ಥ, ವ್ಯಾಖ್ಯೆ, ಲಕ್ಷಣಗಳು ಅಂತ ಭಾಗ ಮಾಡಿಕೊಂಡು ಇಪ್ಪತ್ತು ನಿಮಿಷ ತನ್ನನ್ನು ತಾನೇ ವಿವರಿಸಿದ. ಬೈಯೋಣ ಅಂದರೆ ಬಾಯಿ ಬರಲಿಲ್ಲ. ಮಾರ್ಕ್ಸ್ ನೋಡಿಕೊಂಡು ಉತ್ತರ ಉದ್ದ ಮಾಡು ಅಂತ ಮೂರು ವರ್ಷ ಹೇಳಿಕೊಟ್ಟವನು ನಾನೇ. "ಅನುಕೂಲಗಳು" ಮುಗಿಸಿ "ಇನ್ನು ನನ್ನ ಅನಾನುಕೂಲಗಳು" ಅನ್ನುವಷ್ಟರಲ್ಲಿ ಅಟೆಂಡರು ಬೆಲ್ಲು ಹೊಡೆದ.

ಅವನು ಎದ್ದು ನಿಂತು ಕೇಳಿದ, "ಉಳಿದಿದ್ದನ್ನ ಅಡಿಷನಲ್ ಶೀಟಿನಾಗೆ ಬರ್ಕೊಡ್ಲಾ ಸಾರ್?"

೨. ಮಿರ್ಚಿ ಅಂಗಡಿಯ ಆಡಳಿತ

ಡಿಗ್ರಿಯವರಿಗೆ ಈಗ ಇಂಟರ್ನ್‌ಷಿಪ್ಪೂ ಉಂಟು. ಎಲ್ಲಾದರೂ ತಿಂಗಳು ಕೆಲಸ ಮಾಡಿ ರಿಪೋರ್ಟ್ ಬರೆಯಬೇಕು. ಹೊಸದುರ್ಗದ ಹುಡುಗಿಯೊಬ್ಬಳು ತನ್ನ ಸೋದರಮಾವನ ಮಿರ್ಚಿ ಮಂಡಕ್ಕಿ ಅಂಗಡಿಯಲ್ಲಿ ಮಾಡಿಬಂದಳು. ರಿಪೋರ್ಟಿನಲ್ಲಿ "ಸಂಸ್ಥೆಯ ರಚನೆ" ಅಂತ ಚಂದದ ಚಿತ್ರ. ಮೇಲಿನ ಚೌಕದಲ್ಲಿ ಅತ್ತೆ. ಅದರ ಕೆಳಗೆ ಗಿರಾಕಿಗಳು. ಎಲ್ಲಕ್ಕಿಂತ ಕೆಳಗೆ ಮಾವ.

"ಅಲ್ಲಮ್ಮ, ಅಂಗಡಿ ಮಾವಂದು ಅಂತೀಯ?"

"ಬೋರ್ಡಿನಾಗೆ ಮಾವನ ಹೆಸರೇ ಐತೆ ಸಾರ್. ಇದ್ದದ್ದು ಇದ್ದಂಗೆ ಬರೀರಿ ಅಂತ ನೀವೇ ಹೇಳಿದ್ರಲ್ಲ."

ಈ ವರ್ಷ ಬಂದ ರಿಪೋರ್ಟುಗಳಲ್ಲಿ ನೆಟ್ಟಿನಿಂದ ಇಳಿಸದೆ ಬರೆದದ್ದು ಅದೊಂದೇ. ಖುಷಿಯಿಂದ ಪುಟ ತಿರುವಿದೆ. "ನೌಕರರ ಕುಂದುಕೊರತೆ ನಿವಾರಣೆ" ಅನ್ನುವ ಅಧ್ಯಾಯ ಎರಡೇ ಸಾಲು: "ಮಾವ ಎರಡು ಸಲ ಪ್ರಯತ್ನಿಸಿದ್ದಾರೆ. ಆಮೇಲೆ ಬಿಟ್ಟಿದ್ದಾರೆ."

೩. ಮತ್ತೋಡಿನ ಬಸ್ಸು

ವರ್ಷ ಮುಗಿಯಲು ಹದಿನೈದು ದಿನ ಇದ್ದಾಗ ಕೊನೆಗೂ ಒಂದು ಕಂಪನಿ ಬಂತು. ಹಿರಿಯೂರಿನ ಹೈವೇ ಪಕ್ಕ ಗೋಡೌನು, ಅದಕ್ಕೆ ಒಬ್ಬ ಸೂಪರ್‌ವೈಸರ್ ಬೇಕು. ಬಂದ ಮೇಡಂ ಒಬ್ಬರೇ, ಬಂದ ಹುಡುಗರು ನೂರಕ್ಕೂ ಮೇಲೆ. ನಾನು ಅಕ್ಷರಮಾಲೆಯ ಪ್ರಕಾರ ಪಟ್ಟಿ ಮಾಡಿಟ್ಟಿದ್ದೆ. ಅಟೆಂಡರು ಅದನ್ನು ನೋಡಿ, "ಇದು ಆಗೋದಲ್ಲ ಬಿಡ್ರಿ ಸಾರ್" ಅಂದು ಎಲ್ಲರನ್ನೂ ಎಬ್ಬಿಸಿ ಬೇರೆ ಸಾಲು ಮಾಡಿದ. ಎರಡೂವರೆ ಗಂಟೆಯ ಬಸ್ಸು ತಪ್ಪಿದರೆ ಬೇರೆ ದಾರಿಯಿಲ್ಲದ ಮತ್ತೋಡಿನ ಕಡೆಯವರು ಮೊದಲು. ಆಮೇಲೆ ರೈಲು ಹಿಡಿಯಬೇಕಾದ ಚಿಕ್ಕಜಾಜೂರಿನವರು. ನಡೆದು ಮನೆಗೆ ಹೋಗುವ ದುರ್ಗದವರು ಕಟ್ಟಕಡೆಗೆ.

ಸಾಲು ಗದ್ದಲವಿಲ್ಲದೆ ಸಾಗುತ್ತಿತ್ತು. ಮಧ್ಯಾಹ್ನ ಮೇಡಂ ತಲೆ ಎತ್ತಿ, "ಈ ಸಾಲು ಯಾರು ಮಾಡಿದ್ದು?" ಅಂತ ಕೇಳಿದರು. ನಾನು ಅಟೆಂಡರನ್ನು ತೋರಿಸಿದೆ.

"ನಮ್ಮಲ್ಲೂ ಇದೇ ಕೆಲಸ. ಯಾವ ಲಾರಿ ಮೊದಲು ಹೊರಡುತ್ತೋ ಅದಕ್ಕೆ ಮೊದಲು ಲೋಡು. ಏನು ಓದಿದೀರಿ?"

ನಾನು ಬೀರುವಿಗೆ ಓಡಿ ಅವನ ಫೈಲು ತಂದೆ. ಮೇಡಂ ಅದನ್ನು ನೋಡಿ, "ಸರಿ, ನಿಮ್ಮ ಬಗ್ಗೆ ಹೇಳಿ" ಅಂದರು.

ಅವನು ಗಡಿಯಾರ ನೋಡಿದ. "ಆಮ್ಯಾಲೆ ಹೇಳ್ತೀನಿ ಮೇಡಂ. ಮತ್ತೋಡಿನ ಹುಡುಗೀರು ಇನ್ನಾ ಇಬ್ರು ಅದಾರೆ, ಬಸ್ಸಿಗೆ ಹೊತ್ತಾತು. ಮೊದ್ಲು ಅವ್ರನ್ನ ಮಾತಾಡಿಸ್ರಿ."

ಮೇಡಂ ಅಲ್ಲೇ ಅವನ ಹೆಸರು ಬರೆದುಕೊಂಡರು.

೪. ಖಾಲಿ ಜಾಗ

ಅಟೆಂಡರು ನನ್ನ ಕಾಲಿಗೆ ಬಿದ್ದ. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಇನ್ನು ಜೂನ್ ತಿಂಗಳಲ್ಲೂ ಅವನಿಗೆ ಊಟ ಸೇರುತ್ತದೆ. ಅವನಿಗೆ ಬಿ.ಕಾಂ. ಪಾಠ ಮಾಡಿದವನು ನಾನು. ಆ ಬಸ್ಸಿನ ಟೈಮು ಮಾತ್ರ ನಾನು ಕಲಿಸಿದ್ದಲ್ಲ.

ಪ್ರಿನ್ಸಿಪಾಲರು ಮಾತ್ರ ಕೆಂಡವಾದರು. "ನಾನು ಸ್ಟೂಡೆಂಟಿಗೆ ಕೆಲ್ಸ ಕೊಡಿಸ್ರಿ ಅಂದ್ರೆ ನಮ್ಮ ಅಟೆಂಡರನ್ನೇ ಕಳಿಸ್ತೀರಲ್ರಿ!"

"ಅವನೂ ನಮ್ಮ ಸ್ಟೂಡೆಂಟೇ ಸಾರ್."

ರೂಮು ಉಳಿಯಿತು. ಆದರೆ ಮರುದಿನದಿಂದ ಬೆಲ್ಲು ಹೊಡೆಯುವವರಿಲ್ಲ. ಒಂದು ದಿನವಂತೂ ಇತಿಹಾಸದ ಮೇಷ್ಟ್ರು ಬೆಲ್ಲಿಗೆ ಕಾಯುತ್ತಾ ಎರಡೂವರೆ ತಾಸು ಪಾಠ ಮಾಡಿದರು. ಹುಡುಗರೇ ಹೋಗಿ ಪ್ರಿನ್ಸಿಪಾಲರ ಮುಂದೆ ಕೈಮುಗಿದರು.

ಅಟೆಂಡರ್ ಬೇಕು ಅಂತ ನೋಟಿಸು ಹಾಕಿದ್ದೇ ತಡ, ನಮ್ಮದೇ ಡಿಗ್ರಿ ಹುಡುಗರು ಸಾಲುಗಟ್ಟಿದರು. ಸಂದರ್ಶನಕ್ಕೆ ಪ್ರಿನ್ಸಿಪಾಲರು, ಪಕ್ಕದಲ್ಲಿ ನಾನು. ಮೊದಲು ಒಳಗೆ ಬಂದವನು ಹೊಳಲ್ಕೆರೆಯ ಅದೇ ಹುಡುಗ.

"ನಿನ್ನ ಬಗ್ಗೆ ಹೇಳಪ್ಪ" ಅಂದೆ.

ಈ ಸಲ ಅವನು ಮಾರ್ಕ್ಸ್ ಕೇಳಲಿಲ್ಲ. ನನಗೆ ಎದೆಯುಬ್ಬಿತು. ನಾಲ್ಕು ವರ್ಷಕ್ಕೆ ಒಬ್ಬನನ್ನಾದರೂ ತಿದ್ದಿದೆನಲ್ಲ ಅಂತ ಪ್ರಿನ್ಸಿಪಾಲರ ಕಡೆ ಹೆಮ್ಮೆಯಿಂದ ನೋಡಿದೆ.

ಹುಡುಗ ಮೆಲ್ಲಗೆ ಕೇಳಿದ:

"ಸಾರ್, ಇದ್ರಾಗೆ ಚಾಯ್ಸ್ ಇಲ್ವಾ?"