ಮನೆ ಮಾರುವಾಗ ಯಜಮಾನರು ಎಲ್ಲಿರಬೇಕು

ರೂಸೆ ಬಂದರಿನಲ್ಲಿ ಮೂವತ್ತೊಂದು ವರ್ಷ ತೂಕದ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು ನಾನು. ಡ್ಯಾನ್ಯೂಬ್ ನದಿಯಲ್ಲಿ ಬಂದ ಗೋಧಿ ಹಡಗುಗಳೆಲ್ಲ ನನ್ನ ಕಣ್ಣೆದುರು ತೂಗಿಸಿಕೊಂಡೇ ಮುಂದೆ ಹೋಗಬೇಕಿತ್ತು. ಮೂರು ಕಿಲೋ ಕಡಿಮೆ ಬಿತ್ತೆಂದು ದಪ್ಪಮೀಸೆಯ ಕ್ಯಾಪ್ಟನ್ನುಗಳನ್ನು ಬಿಸಿಲಲ್ಲಿ ನಿಲ್ಲಿಸಿದ ಭೂಪ! ಇಂಥ ನನ್ನ ಮುಂದೆ ಮನೆ ಮಾರಿಸುವ ಏಜೆಂಟರ ಆಟ ನಡೆದೀತೆ? ಗಾಣಕ್ಕೆ ಹಾಕಿದ ಎಳ್ಳಿನಿಂದ ಎಣ್ಣೆ ತೆಗೆದಂತೆ ಅವರಿಂದ ಕೆಲಸ ತೆಗೆಯುತ್ತೇನೆಂದು ನನ್ನ ಹೆಂಡತಿ ರೋಸಿತ್ಸಾಳ ಮುಂದೆ ಘೋಷಿಸಿದೆ.

"ಮೊದಲು ಏಜೆಂಟ್ ಮನೆಗೆ ಬರಲಿ, ಆಮೇಲೆ ಹಿಂಡುವೆಯಂತೆ," ಅಂದಳು ಅವಳು.

ಮನೆ ಮಾರಲು ಹೊರಟದ್ದೇ ಅವಳ ಮೊಣಕಾಲುಗಳ ಸಲುವಾಗಿ. ನಮ್ಮದು ಐದನೇ ಮಹಡಿ. ಲಿಫ್ಟ್ ಇಲ್ಲ. ಎಂಬತ್ತೆರಡು ಮೆಟ್ಟಿಲು. ಬ್ರೆಡ್ಡು ತರಲು ಇಳಿದರೆ ಹತ್ತಿ ಬರುವಾಗ ರೋಸಿತ್ಸಾ ಮೂರು ಕಡೆ ಕೂರುತ್ತಿದ್ದಳು. ಇಲ್ಲೇ ಹತ್ತಿರದ ಮಾರ್ತೆನ್ ಊರಿನಲ್ಲಿ ನೆಲಮಟ್ಟದ ಪುಟ್ಟ ಮನೆಯೊಂದು ಅವಳ ಮನಸ್ಸಿಗೆ ಬಂದಿತ್ತು. ಅದರ ಒಡೆಯ ಫೆಬ್ರವರಿ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಅಂದಿದ್ದ. ನಮ್ಮದು ಹೋಗದೆ ಅದು ಬರುವಂತಿರಲಿಲ್ಲ.

ಇಲ್ಲೊಂದು ಸಣ್ಣ ಗುಟ್ಟು ಹೇಳಿಬಿಡುತ್ತೇನೆ. ಮನೆ ನನ್ನದಲ್ಲ. ನಾನು ಮನೆಅಳಿಯ. ಫ್ಲಾಟು ಮಾವನವರದು, ಅವರ ನಂತರ ರೋಸಿತ್ಸಾಳದು. ನನ್ನದು ಅಂತ ಅಲ್ಲಿದ್ದದ್ದು ಕಾಲಕೆಳಗಿನ ನೆಲ ಮಾತ್ರ. ಎಂಬತ್ತಾರರ ಚಳಿಗಾಲವಿಡೀ ಮಂಡಿಯೂರಿ ಕೂತು ಓಕ್ ಮರದ ಪಟ್ಟಿಗಳನ್ನು ಒಂದೊಂದಾಗಿ ಜೋಡಿಸಿದ್ದೆ. ಎರಡು ಸಾವಿರದ ನಾನೂರ ಹದಿನಾರು ಪಟ್ಟಿ. ಮಾವ ಬೂಟುಗಾಲಲ್ಲಿ ಅದರ ಮೇಲೆ ಓಡಾಡಿ ನೋಡಿ, "ಕಿರುಗುಟ್ಟಲ್ಲ," ಅಂದಿದ್ದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಏಜೆಂಟ್ ಬಂದಳು. ಹೆಸರು ನೆವೆನಾ, ನಲವತ್ತರ ಆಸುಪಾಸು, ಮೆಲುದನಿ. ಕೈಯಲ್ಲಿ ಅಳತೆಯ ಟೇಪು. ನಾನು ಕಾಫಿಗೂ ಮೊದಲು ನನ್ನ ಪಟ್ಟಿಯನ್ನು ಮುಂದಿಟ್ಟೆ. 'ಮನೆ ಮಾರುವವರು ಏಜೆಂಟರಿಂದ ಏನೇನು ನಿರೀಕ್ಷಿಸಬೇಕು' ಎಂದು ತಲೆಬರಹ ಕೊಟ್ಟು ಹದಿನೇಳು ಕಲಮು ಬರೆದಿದ್ದೆ. ಅವಳು ಸಾವಕಾಶವಾಗಿ ಓದಿದಳು.

"ಒಳ್ಳೆ ಫೋಟೋ ತೆಗೀತೀನಿ. ಕಾಗದಪತ್ರ ನೋಡ್ತೀನಿ. ಬಂದವರು ಏನಂದ್ರು ಅಂತ ಅವತ್ತೇ ಸಂಜೆ ಫೋನ್ ಮಾಡ್ತೀನಿ. ಇದೆಲ್ಲ ನ್ಯಾಯ," ಅಂದಳು. "ಹದಿನೈದನೇದು ಮಾತ್ರ ಆಗಲ್ಲ. 'ಮನೆಯನ್ನು ಅರಮನೆಯೆಂದು ವರ್ಣಿಸತಕ್ಕದ್ದು' ಅಂತ ಬರ್ದಿದೀರಿ. ನಾನು ಇದ್ದದ್ದು ಇದ್ದ ಹಾಗೆ ಹೇಳೋಳು."

"ಬೆಲೆ?"

"ನೀವು ತೊಂಬತ್ತೈದು ಸಾವಿರ ಯೂರೋ ಅಂತೀರಿ. ಈ ಬೀದೀಲಿ ಲಿಫ್ಟ್ ಇಲ್ಲದ ಐದನೇ ಮಹಡಿ ಎಂಬತ್ತೇಳಕ್ಕೆ ಹೋಗುತ್ತೆ. ತೊಂಬತ್ತೈದು ಅಂತ ಹಾಕಿದ್ರೆ ನಿಮ್ಮನ್ನ ಖುಷಿಪಡಿಸಬಹುದು, ಮನೆ ಮಾರಕ್ಕಾಗಲ್ಲ."

ರೋಸಿತ್ಸಾ ತಕ್ಷಣ "ಎಂಬತ್ತೇಳೇ ಹಾಕಮ್ಮ," ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಏಜೆಂಟೇ ನಮಗೆ ಕಲಮು ಹಾಕತೊಡಗಿದಳು. ಗೋಡೆಯ ಕಾಡುಹಂದಿ ತಲೆ ಇಳಿಸಬೇಕು. ಚಳಿಗಾಲಕ್ಕೆಂದು ಉಪ್ಪುನೀರಲ್ಲಿ ಹುಳಿಹಾಕಿ ಗಾಜಿನ ಬಾಲ್ಕನಿಯಲ್ಲಿಟ್ಟ ಎಲೆಕೋಸಿನ ಪೀಪಾಯಿ ಸಾಗಿಸಬೇಕು, ವಾಸನೆ ಅಡುಗೆಮನೆವರೆಗೂ ಬರುತ್ತಿದೆ. ಮನೆ ನೋಡಲು ಜನ ಬಂದಾಗ ನಾವಿಬ್ಬರೂ ಹೊರಗಿರಬೇಕು.

"ನಾನು ಹೊರಗೆ? ಮತ್ತೆ ನನ್ನ ಮನೆ ತೋರಿಸೋರು ಯಾರು?"

"ಅದಕ್ಕೇ ತಾನೆ ನೀವು ನನಗೆ ದುಡ್ಡು ಕೊಡೋದು?"

ನನಗೆ ಮೈಯೆಲ್ಲ ಉರಿಯಿತು. ಹಂದಿತಲೆ ಇಳಿಸಿದೆ. ಆದರೆ ಪೀಪಾಯಿ? ಜನವರಿಯಲ್ಲಿ ಎಲೆಕೋಸಿಲ್ಲದ ಮನೆ ಮನೆಯೇ? ಅದಕ್ಕೊಂದು ಹಳೇ ಕಂಬಳಿ ಹೊದಿಸಿ ಮೂಲೆಗೆ ತಳ್ಳಿ, ಸಾಗಿಸಿದೆ ಎಂದೆ.

ಮೊದಲ ಗಿರಾಕಿಗಳು ಹೊಸದಾಗಿ ಮದುವೆಯಾದ ಜೋಡಿ. ರೋಸಿತ್ಸಾ ಗೆಳತಿಯ ಮನೆಗೆ ಹೋದಳು. ನಾನೂ ಹೊರಗೇ ಇದ್ದೆ, ಮಾತು ತಪ್ಪಲಿಲ್ಲ. ಕಟ್ಟಡದ ಬಾಗಿಲ ಬಳಿಯ ಬೆಂಚಿನ ಮೇಲೆ ಪೇಪರ್ ಹಿಡಿದು ನೆರೆಯವನಂತೆ ಕೂತಿದ್ದೆ, ಅಷ್ಟೆ. ನೆವೆನಾ ಇನ್ನೂ ಕಾರು ನಿಲ್ಲಿಸುತ್ತಿದ್ದಳು. ಹುಡುಗಿ ತಾನಾಗಿಯೇ ನನ್ನ ಹತ್ತಿರ ಬಂದು, "ಐದನೇ ಮಹಡಿ ಮನೆ ಹೇಗೆ, ಅಜ್ಜ?" ಅಂದಳು.

"ಚಿನ್ನದಂಥ ಮನೆ. ಚಿನ್ನದಂಥ ಯಜಮಾನ," ಅಂದೆ.

"ಮೇಲಿನ ಮಹಡಿ ಅಲ್ವಾ, ತಾರಸಿ ಸೋರಲ್ಲ ತಾನೆ?"

ಸುಳ್ಳು ತೂಕ ಬರೆದು ಗೊತ್ತಿಲ್ಲದ ಕೈ ನನ್ನದು, ನಾಲಿಗೆಯೂ ಅದೇ ಜಾತಿಯದು. "ಸೋರಿತ್ತು. ಎರಡು ಬಕೆಟ್ ಇಟ್ಟಿದ್ವಿ," ಅಂದುಬಿಟ್ಟೆ. ಹುಡುಗಿ ಗಂಡನ ಮುಖ ನೋಡಿದಳು. ಇಬ್ಬರೂ ಮೇಲೆ ಹತ್ತಲೇ ಇಲ್ಲ.

ಸಂಜೆ ಫೋನ್ ಬಂತು, ನನ್ನ ಕಲಮಿನ ಪ್ರಕಾರವೇ.

"ಸೋರಿದ್ದನ್ನ ನಾನೇ ಹೇಳ್ತಿದ್ದೆ, ಲ್ಯೂಬೊಮಿರ್ ಅವರೇ. ಹೋದ ವರ್ಷ ರಿಪೇರಿ ಮಾಡಿಸಿದ ರಸೀದಿ ತೋರಿಸಿ ಹೇಳ್ತಿದ್ದೆ. ನೀವು ಸೋರಿದ್ದಷ್ಟೇ ಹೇಳಿ, ರಿಪೇರಿ ಆದದ್ದು ಹೇಳಲಿಲ್ಲ."

"ಅವರು ಕೇಳಲಿಲ್ಲ."

ಆ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿಸಿತು. ಈ ಕಡೆ ರೋಸಿತ್ಸಾ ಬಿಟ್ಟ ಉಸಿರು ಅದಕ್ಕಿಂತ ಉದ್ದವಿತ್ತು.

ಜನವರಿ ಮುಗಿಯಿತು. ಒಟ್ಟು ಮೂರು ಸಲ ಜನ ಬಂದರು, ಮೂರು ಸಲವೂ ಹಾಗೇ ಹೋದರು. ನೆವೆನಾ ಒಳಗೆ ಏನು ಹೇಳುತ್ತಾಳೆಂದು ನನಗೆ ತಿಳಿಯಲೇಬೇಕಿತ್ತು. ನೆಲದ ಬಗ್ಗೆ ಒಂದು ಮಾತಾದರೂ ಆಡುತ್ತಾಳೋ ಇಲ್ಲವೋ? ನಾಲ್ಕನೆಯ ಸಲ ಔಷಧಿ ಅಂಗಡಿಯ ಮಾಲೀಕ ಮತ್ತು ಅವನ ಬಸುರಿ ಹೆಂಡತಿ ಬರುವವರಿದ್ದರು. ರೋಸಿತ್ಸಾ ಹೊರಗೆ ಹೋದ ಮೇಲೆ ನಾನು ಬಾಲ್ಕನಿಗೆ ಹೋಗಿ, ಪೀಪಾಯಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅದರ ಕಂಬಳಿಯನ್ನೇ ಅರ್ಧ ನನ್ನ ಮೇಲೂ ಎಳೆದುಕೊಂಡೆ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಇಲ್ಲಿ ಒಂದು ವಿವರ ಹೇಳಬೇಕು. ಎಲೆಕೋಸಿನ ಪೀಪಾಯಿಗೆ ಅಡಿಯಲ್ಲೊಂದು ನಲ್ಲಿ ಇರುತ್ತದೆ, ಉಪ್ಪುನೀರು ಇಳಿಸಿ ಮತ್ತೆ ಮೇಲಿಂದ ಸುರಿಯುವುದಕ್ಕೆ. ಆ ನಲ್ಲಿ ನನ್ನ ಉಣ್ಣೆ ಅಂಗಿಯ ಜೇಬಿನೊಳಗೆ ಯಾವಾಗ ಹೊಕ್ಕಿತೋ ನಾನು ಕಾಣೆ.

ಒಳಗೆ ಮಾತು ಕೇಳಿಸಿತು. ನೆವೆನಾ ಚೆನ್ನಾಗಿಯೇ ತೋರಿಸುತ್ತಿದ್ದಳು. ಬೆಳಕು ಯಾವ ಕಡೆಯಿಂದ, ಬೆಚ್ಚಗಿಡಲು ತಿಂಗಳಿಗೆ ಎಷ್ಟು ಖರ್ಚು, ತಾರಸಿಯ ರಸೀದಿ. ಆಗ ಆ ಔಷಧಿ ಅಂಗಡಿಯವನು ಕಾಲಿಂದ ನೆಲವನ್ನು ತಟ್ಟಿ, "ಇದು ಪ್ಲಾಸ್ಟಿಕ್ ಲ್ಯಾಮಿನೇಟಾ? ಕಿತ್ತು ಹಾಕಿದ್ರಾಯ್ತು," ಅಂದ.

ನೆವೆನಾ ಉತ್ತರಿಸಲು ಬಾಯಿ ತೆರೆದಿರಬೇಕು. ನಾನು ಕಾಯಲಿಲ್ಲ.

"ಓಕು! ಅಪ್ಪಟ ಓಕು!" ಎಂದು ಕೂಗುತ್ತಾ ಎದ್ದೆ.

ನನ್ನ ಜೊತೆ ಜೇಬು ಎದ್ದಿತು, ಜೇಬಿನ ಜೊತೆ ನಲ್ಲಿಯೂ ಕಿತ್ತುಬಂತು. ನಲವತ್ತು ಲೀಟರ್ ಹುಳಿನೀರು ಗಂಗಾವತರಣದಂತೆ ಹೊರಟಿತು. ಅರ್ಧ ಅಡುಗೆಮನೆಗೆ ನುಗ್ಗಿತು. ಉಳಿದರ್ಧ ಬಾಲ್ಕನಿಯ ತೂತಿನಿಂದ ಕೆಳಗಿಳಿದು, ನಾಲ್ಕನೇ ಮಹಡಿಯ ಗಿನ್ಕಜ್ಜಿ ಒಣಹಾಕಿದ್ದ ಬಿಳಿ ಹಾಸಿಗೆ ಬಟ್ಟೆಗಳ ಮೇಲೆ ಬಿತ್ತು. ಕಂಬಳಿ ಹೊದ್ದ ನನ್ನ ಆಕೃತಿಯನ್ನು ಕಂಡ ಬಸುರಿ ಹೆಂಗಸು ಕಿಟಾರನೆ ಕಿರುಚಿದಳು. ಆಮೇಲೆ ವಾಸನೆ ಅವಳನ್ನು ಮುಟ್ಟಿತು. ಎಂಬತ್ತೆರಡು ಮೆಟ್ಟಿಲನ್ನು ಅಷ್ಟು ಬೇಗ ಇಳಿದವರನ್ನು ನಾನು ನೋಡಿಲ್ಲ.

ಅವರು ಇಳಿದರೆ ಗಿನ್ಕಜ್ಜಿ ಹತ್ತಿ ಬಂದಳು, ತೊಟ್ಟಿಕ್ಕುವ ಹಾಸಿಗೆ ಬಟ್ಟೆ ಹಿಡಿದುಕೊಂಡು.

"ಲ್ಯೂಬಣ್ಣ, ಎಲೆಕೋಸು ಚೆನ್ನಾಗಿ ಹದಕ್ಕೆ ಬಂದಿದೆ. ಒಂಚೂರು ಉಪ್ಪು ಜಾಸ್ತಿ," ಅಂದಳು. "ಈಗ ಈ ಬಟ್ಟೆ ನೀನು ಒಗೀತೀಯೋ, ನಿನ್ನ ಹೆಂಡತಿಗೆ ಹೇಳ್ಲೋ?"

ನಾನು ಒಗೆಯುತ್ತೇನೆ ಎಂದೆ.

ನೆವೆನಾ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಕೋಟು ಬಿಚ್ಚಿಟ್ಟು, ಸಿಕ್ಕಿದ ಟವೆಲ್ಲು ತೆಗೆದುಕೊಂಡು, ಮಂಡಿಯೂರಿ ಪಟ್ಟಿಗಳ ಸಂದಿಯನ್ನು ಒರೆಸತೊಡಗಿದಳು. "ಬೇಗ ಬನ್ನಿ. ಉಪ್ಪುನೀರು ಇಳಿದ್ರೆ ಓಕ್ ಕಪ್ಪಾಗುತ್ತೆ," ಅಂದಳು. ಅವಳಿಗೆ ಗೊತ್ತಿತ್ತು! ನಾನೂ ಪಕ್ಕದಲ್ಲಿ ಮಂಡಿಯೂರಿದೆ. ಒಂದು ಗಂಟೆ ಇಬ್ಬರೂ ಒರೆಸಿದೆವು. ಎಂಬತ್ತಾರರ ಚಳಿಗಾಲ, ಮಾವನ ಬೂಟು, ಕಿರುಗುಟ್ಟದ ನೆಲ, ಎಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

ಅಷ್ಟರಲ್ಲಿ ರೋಸಿತ್ಸಾ ಬಂದಳು. ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡು ಎಲ್ಲವನ್ನೂ ನೋಡಿದಳು. ಮೆಟ್ಟಿಲು ಹತ್ತಿ ಮೊಣಕಾಲು ನಡುಗುತ್ತಿತ್ತು. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಮೆಲ್ಲಗೆ ಮಾತಾಡಿದಳು.

"ಫೆಬ್ರವರಿ ಮುಗಿಯೋಕೆ ಇನ್ನು ಹದಿನೆಂಟು ದಿನ ಉಳಿದಿದೆ, ಲ್ಯೂಬೊ. ನನಗೆ ಆ ಮನೆ ಬೇಕು. ನಾಳೆ ಬೆಳಿಗ್ಗೆ ಸಿಲಿಸ್ತ್ರಾಗೆ ನಿನ್ನ ಅಕ್ಕನ ಮನೆಗೆ ಹೋಗು. ನಾನು ಫೋನ್ ಮಾಡೋ ತನಕ ಈ ಕಡೆ ತಲೆ ಹಾಕ್ಬೇಡ."

ಹೋದೆ. ಅಕ್ಕ ಮೂರು ಹೊತ್ತೂ ಹುರುಳಿಕಾಯಿ ಬೇಯಿಸಿ ಹಾಕಿದಳು. ಐದನೇ ದಿನ ಫೋನ್ ಬಂತು. ಮನೆ ಹೋಗಿದೆ. ಎಂಬತ್ತೇಳಕ್ಕೇ, ಒಂದು ಯೂರೋ ಚೌಕಾಸಿ ಇಲ್ಲದೆ. ಕೊಂಡವಳು ವಿಯೊಲೆತಾ ಅಂತ, ಶಾಲೆಯಲ್ಲಿ ವ್ಯಾಯಾಮದ ಟೀಚರು. ಮೆಟ್ಟಿಲು ನೋಡಿ ಖುಷಿಪಟ್ಟಳಂತೆ.

ಕ್ರಯಪತ್ರವಾಗುವ ದಿನ ನೋಟರಿ ಕಚೇರಿಗೆ ಟೈ ಕಟ್ಟಿಕೊಂಡು ಹೋದೆ. ವಾಸದ ಮನೆ ಮಾರಲು ಗಂಡನ ಒಪ್ಪಿಗೆ ಸಹಿಯೂ ಬೇಕಲ್ಲ. ರೋಸಿತ್ಸಾ, ನೆವೆನಾ, ಎದುರಿಗೆ ವಿಯೊಲೆತಾ. ನೋಟರಿ ಪತ್ರವನ್ನು ಗಟ್ಟಿಯಾಗಿ ಓದಿ ಮುಗಿಸಿ, "ಈಗ ಮಾರಾಟಗಾರರ ಗಂಡ ಸಹಿ ಹಾಕಲಿ," ಅಂದರು.

"ಗಂಡನೇ?" ಅಂದಳು ವಿಯೊಲೆತಾ. ಅವಳ ಮುಖ ಬಿಳುಚಿಕೊಂಡಿತು. ರೋಸಿತ್ಸಾಳನ್ನು ದುರುಗುಟ್ಟಿ ನೋಡಿ, "ಇಷ್ಟು ಬೇಗ ಇನ್ನೊಂದು ಮದುವೆನಾ?" ಅಂದಳು.

ನೋಟರಿ ಪತ್ರದಿಂದ ತಲೆಯೆತ್ತಿದರು.

"ಏನು ಹೇಳ್ತಿದೀರಮ್ಮ? ನಲವತ್ತೆರಡು ವರ್ಷದಿಂದ ಇವನೊಬ್ಬನೇ," ಅಂದಳು ರೋಸಿತ್ಸಾ.

"ಯಜಮಾನರು ಇಲ್ಲ ಅಂದ್ರಲ್ಲ ನೆವೆನಾ ಅವರು?"

"ಇಲ್ಲ ಅಂದ್ರೆ ಊರಲ್ಲಿ ಇಲ್ಲ ಅಂತ," ಅಂದಳು ನೆವೆನಾ, ಕುರ್ಚಿಯಲ್ಲಿ ಕುಗ್ಗುತ್ತಾ.

"ಈ ನೆಲಾನ ಒಂದು ಚಳಿಗಾಲವಿಡೀ ಮಂಡಿಯೂರಿ ಹಾಕಿದ್ರು, ಅದನ್ನ ಪ್ರಾಣಕ್ಕಿಂತ ಹೆಚ್ಚಾಗಿ ನೋಡ್ಕೊಂಡ್ರು ಅಂತ ಎಷ್ಟು ಮೆಲ್ಲಗೆ ಹೇಳಿದ್ರಿ. ನನಗೆ ಕಣ್ಣಲ್ಲಿ ನೀರು ಬಂತು. ಸತ್ತವರ ಮನೆ ಬಾಗಿಲಿಗೆ ಎಲ್ಲರೂ ಅಂಟಿಸೋ ಸಾವಿನ ಚೀಟಿ ಇಲ್ಲಿ ಯಾಕೆ ಅಂಟಿಸಿಲ್ಲ ಅಂತ ಅಂದ್ಕೊಂಡೆ ಕೂಡ." ಆಮೇಲೆ ರೋಸಿತ್ಸಾಳ ಕಡೆ ತಿರುಗಿದಳು. "ಮೆಟ್ಟಿಲ ಹತ್ರ ನೀವು ಸಿಕ್ಕಾಗ, ಅವರಿಲ್ದೆ ಕಷ್ಟ ಆಗ್ತಿದೆಯಾ ಅಂತ ಕೇಳಿದ್ನಲ್ಲ? ಏನು ಕಷ್ಟ, ನಾಲ್ಕು ದಿನದಿಂದ ಹಾಯಾಗಿ ನಿದ್ದೆ ಬರ್ತಿದೆ ಅಂದ್ರಿ. ಎಂಥ ಕಲ್ಲುಮನಸ್ಸಿನ ಹೆಂಗಸು ಅಂತ ಬೈಕೊಂಡು, ಚರ್ಚಿಗೆ ಹೋಗಿ ಇವರ ಆತ್ಮಕ್ಕೆ ನಾನೇ ಒಂದು ಮೇಣದಬತ್ತಿ ಹಚ್ಚಿ ಬಂದೆ."

ನಾನು ಧನ್ಯವಾದ ಹೇಳಿದೆ.

ವಿಯೊಲೆತಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೂರು ಸಾವಿರ ಇಳಿಸಿ ಕೇಳ್ಬೇಕು ಅಂತಲೇ ಬಂದಿದ್ದೆ. ಸತ್ತವರ ಕೈಕೆಲಸಕ್ಕೆ ಚೌಕಾಸಿ ಮಾಡಬಾರದು ಅಂತ ಸುಮ್ನಾದೆ," ಎಂದು ಯೋಚಿಸುವವಳಂತೆ ನೋಟರಿಯ ಕಡೆ ತಿರುಗಿದಳು.

ಓಕ್ ಪಟ್ಟಿಗಳ ಸಂಖ್ಯೆಯನ್ನು ಅವಳಿಗೆ ತಿಳಿಸೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ರೋಸಿತ್ಸಾ ಮೇಜಿನಡಿ ನನ್ನ ಕಾಲು ತುಳಿದು, ಪೆನ್ನನ್ನು ನನ್ನ ಬೆರಳ ನಡುವೆ ತುರುಕಿದಳು.

"ಬೆಲೆ ಇಳಿಯೋದ್ರೊಳಗೆ ಸಹಿ ಹಾಕು," ಎಂದು ಕಿವಿಯಲ್ಲಿ ಉಸುರಿದಳು. "ಆಮೇಲೆ ಬೇಕಾದ್ರೆ ಉಸಿರಾಡುವೆಯಂತೆ."